ಯುದ್ಧ ನಿಂತ ದಿನ ಬೇಜಾರಾಯಿತು

ದೂರದ ಯುದ್ಧದ ಸುದ್ದಿ ನೋಡಿ ನಿದ್ದೆ ಕೆಟ್ಟವರು ಆಪ್ತಸಲಹೆಗೆ ನನ್ನ ಹತ್ತಿರ ಆಗಾಗ ಬರುತ್ತಾರೆ. 2022ರ ಫೆಬ್ರವರಿಯಲ್ಲಿ ರಷ್ಯಾ ಉಕ್ರೇನಿನ ಮೇಲೆ ದಾಳಿ ಮಾಡಿದಾಗ ಬಂದವರಲ್ಲಿ ತಾಯಂದಿರೇ ಜಾಸ್ತಿ. ಮಾರ್ಚ್ 1ರಂದು ಖಾರ್ಕಿವ್‌ನಲ್ಲಿ ಹಾವೇರಿ ಜಿಲ್ಲೆಯ ವೈದ್ಯಕೀಯ ವಿದ್ಯಾರ್ಥಿಯೊಬ್ಬ ತೀರಿಕೊಂಡ. ಆಮೇಲಂತೂ ಮಕ್ಕಳು ಜರ್ಮನಿಯಲ್ಲೋ ಪೋಲೆಂಡಿನಲ್ಲೋ ಇದ್ದವರಿಗೂ ಕೈಕಾಲು ನಡುಗುತ್ತಿತ್ತು. ಆ ಭಯ ನನಗೆ ಅರ್ಥವಾಗುತ್ತದೆ. ಅವರಿಗೆ ಏನು ಹೇಳಬೇಕು ಅನ್ನುವುದೂ ಗೊತ್ತು.

ಇಲ್ಲಿ ಬರೆಯುತ್ತಿರುವ ಪ್ರಕರಣದಲ್ಲಿ ಭಯ ಇರಲಿಲ್ಲ. ಯುದ್ಧ ನೋಡುತ್ತಾ ಒಳಗೊಳಗೇ ಹುರುಪು ಬರುವ ವಿಷಯ ಇದು. ಹೀಗೆ ಆಗುವವರು ತುಂಬಾ ಜನ. ಬಾಯಿಬಿಟ್ಟು ಹೇಳುವವರು ಬಹಳ ಕಡಿಮೆ. ಒಬ್ಬರು ಹೇಳಿದರು. ಅವರ ಒಪ್ಪಿಗೆ ಪಡೆದು, ಗುರುತು ಸಿಗದ ಹಾಗೆ ವಿವರ ಬದಲಿಸಿ ಬರೆದಿದ್ದೇನೆ. ಅವರನ್ನು ಇಲ್ಲಿ ರಾಯರು ಎಂದು ಕರೆಯುತ್ತೇನೆ.

ರಾಯರಿಗೆ ಅರವತ್ತು ದಾಟಿದೆ. ಪೀಣ್ಯದ ಒಂದು ಕಾರ್ಖಾನೆಯಲ್ಲಿ ಮೇಂಟೆನೆನ್ಸ್ ವಿಭಾಗದಲ್ಲಿದ್ದು ರಿಟೈರ್ ಆದವರು. ಮನೆ ರಾಜಾಜಿನಗರದಲ್ಲಿ. ಮಗಳ ಮದುವೆಯಾಗಿದೆ, ಸಾಲ ಇಲ್ಲ, ಬಿಪಿ ಒಂದಿದೆ. ಅವರನ್ನು ಕರೆದುಕೊಂಡು ಬಂದದ್ದು ಹೆಂಡತಿ. ರಾತ್ರಿ ನಿದ್ದೆ ಮಾಡುವುದಿಲ್ಲ, ಮಾತಾಡಿಸಿದರೆ ರೇಗುತ್ತಾರೆ, ಹಳೆಯ ಸ್ನೇಹಿತರೊಬ್ಬರ ಜೊತೆ ಮಾತು ಬಿಟ್ಟಿದ್ದಾರೆ ಅನ್ನುವುದು ಅವರ ದೂರು. 2025ರ ಜೂನ್‌ನಲ್ಲಿ ಇಸ್ರೇಲ್ ಮತ್ತು ಇರಾನ್ ನಡುವೆ ಯುದ್ಧ ನಡೆದಾಗ ಇದು ಶುರುವಾಯಿತಂತೆ. ವಿಚಿತ್ರ ಅಂದರೆ, ಯುದ್ಧ ನಿಂತ ಮೇಲೆ ಜಾಸ್ತಿಯಾಯಿತಂತೆ.

ಆ ಯುದ್ಧ 12 ದಿನ ನಡೆಯಿತು. ಜೂನ್ 13ರ ನಸುಕಿನಲ್ಲಿ ಇಸ್ರೇಲ್ ದಾಳಿ ಶುರುಮಾಡಿತು. ಟೆಹ್ರಾನಿನ ಗಡಿಯಾರ ನಮ್ಮದಕ್ಕಿಂತ ಸರಿಯಾಗಿ ಎರಡು ಗಂಟೆ ಹಿಂದೆ. ಅಲ್ಲಿ ಮೂರು ದಾಟಿದಾಗ ಇಲ್ಲಿ ಐದು ದಾಟಿರುತ್ತದೆ. ರಾಯರು ವಾಕಿಂಗ್‌ಗೆ ಶೂ ಹಾಕಿಕೊಳ್ಳುವ ಹೊತ್ತು ಅದು. ಅವತ್ತು ಪಾರ್ಕಿನಲ್ಲಿ ಮೊದಲು ಸುದ್ದಿ ಹೇಳಿದವರು ಅವರೇ. ಮಾರನೇ ದಿನದಿಂದ ಬೆಂಚಿನ ಹತ್ತಿರ ಎಲ್ಲರೂ ಅವರಿಗೆ ಕಾಯತೊಡಗಿದರು. "ಏನ್ ಸಾರ್, ರಾತ್ರಿ ಏನಾಯ್ತು?" ಅಂತ ಕೇಳೋರು. ಯಾರೋ "ಕರ್ನಲ್" ಅಂತ ಹೆಸರಿಟ್ಟರು. ಅದೇ ಉಳಿಯಿತು.

ಬೆಂಚಿನಲ್ಲಿ ಪಕ್ಷಗಳೂ ಹುಟ್ಟಿಕೊಂಡವು. ನಾನು ವರ್ಷಗಳಿಂದ ಗಮನಿಸಿದ್ದನ್ನು ಇಲ್ಲಿ ಹೇಳಿಬಿಡುತ್ತೇನೆ. ಯಾವ ದೇಶ ಗೆಲ್ಲಬೇಕು ಅನ್ನುವುದನ್ನು ನಮ್ಮಲ್ಲಿ ಹೆಚ್ಚಿನವರು ಆ ದೇಶದ ಚರಿತ್ರೆ ಓದಿ ತೀರ್ಮಾನ ಮಾಡುವುದಿಲ್ಲ. ನಮ್ಮ ಬೀದಿಯಲ್ಲಿ, ನಮ್ಮ ಚುನಾವಣೆಯಲ್ಲಿ ಯಾರ ಮೇಲೆ ಸಿಟ್ಟಿದೆಯೋ ಆ ಲೆಕ್ಕವನ್ನೇ ಅಲ್ಲಿಗೂ ಹಾಕುತ್ತೇವೆ. ಮಾತು ಬಿಟ್ಟ ಸ್ನೇಹಿತರ ಜೊತೆ ಜಗಳ ಆದದ್ದೂ ಅದಕ್ಕೇ. ನೀವು ಯಾವ ಕಡೆ ಎಂದು ನಾನು ಯಾರನ್ನೂ ಕೇಳುವುದಿಲ್ಲ. ರಾಯರನ್ನೂ ಕೇಳಲಿಲ್ಲ.

ಮೊದಲ ಭೇಟಿಯಲ್ಲಿ ಹೆಂಡತಿ ಮಾತಾಡಿದರು, ಇವರು ಸುಮ್ಮನೆ ಕೂತಿದ್ದರು. ಮುಂದಿನ ಸಲ ಒಬ್ಬರೇ ಬಂದರು. ಬಹಳ ಹೊತ್ತು ಮಗಳ ವಿಷಯ, ರಸ್ತೆ ಅಗೆದ ವಿಷಯ ಮಾತಾಡಿದರು. ಆಮೇಲೆ ತಲೆ ಎತ್ತದೆ ಹೇಳಿದರು.

"ಮೇಡಂ, ಒಂದು ವಿಷಯ ಹೇಳ್ತೀನಿ. ಮನೆಯವಳಿಗೆ ಗೊತ್ತಿಲ್ಲ. ಯುದ್ಧ ನಿಂತ ದಿನ ನಂಗೆ ಬೇಜಾರಾಯ್ತು."

ನಾನು ಏನೂ ಹೇಳಲಿಲ್ಲ. ಅವರೇ ಮುಂದುವರಿಸಿದರು. 24ನೇ ತಾರೀಕು ಬೆಳಗಾಗುವ ಮುಂಚೆ ಎದ್ದು ಫೋನ್ ನೋಡಿದರಂತೆ. ಕದನವಿರಾಮ ಅಂತ ಇತ್ತು. "ಥೂ, ಇಷ್ಟು ಬೇಗ ಮುಗೀತಾ ಅನ್ನಿಸ್ತು ಮೇಡಂ. ಒಂದು ಕ್ಷಣ ಅಷ್ಟೆ. ಆದ್ರೆ ಅನ್ನಿಸಿದ್ದು ನಿಜ. ಅಲ್ಲಿ ಜನ ಸಾಯ್ತಿದ್ದರು. ನಿಂತದ್ದಕ್ಕೆ ನಂಗೆ ಬೇಜಾರು. ನಾನೆಂಥ ಮನುಷ್ಯ?"

ಆಮೇಲೆ ಮೆಡಿಕಲ್ ಶಾಪಿನವರ ವಿಷಯ ಬಂತು. ರಾಯರು ಬಿಪಿ ಮಾತ್ರೆ ತರುವ ಅಂಗಡಿ. ಅಂಗಡಿಯವರ ಮನೆಯವರು ಮೂಲತಃ ಗೌರಿಬಿದನೂರು ತಾಲ್ಲೂಕಿನ ಕಡೆಯವರು. ಆ ತಾಲ್ಲೂಕಿನ ಅಲೀಪುರಕ್ಕೂ ಇರಾನಿಗೂ ಹಳೆಯ ನಂಟು ಇದೆ. ಬೆಂಗಳೂರಿನಿಂದ ಸುಮಾರು ಎರಡು ಗಂಟೆಯ ದಾರಿಯ ಆ ಊರಿನ ಎಷ್ಟೋ ಮನೆಗಳ ಮಕ್ಕಳು ಇರಾನಿನಲ್ಲಿ ಓದುತ್ತಾರೆ. ರಾಯರಿಗೆ ಇದು ಗೊತ್ತಿರಲಿಲ್ಲ.

"ಕ್ಷಿಪಣಿ ಎಷ್ಟು ದೂರ ಹೋಗುತ್ತೆ, ಎಷ್ಟು ನಿಮಿಷ ಬೇಕು ಅಂತೆಲ್ಲ ಅವನಿಗೆ ಹೇಳ್ತಾ ನಿಂತಿದ್ದೆ. ಅವನು ಮಾತ್ರೆ ಕವರಿಗೆ ಹಾಕ್ತಿದ್ದ. ಪೂರ್ತಿ ಕೇಳಿಸಿಕೊಂಡ. ಆಮೇಲೆ, 'ಸರ್, ನಮ್ಮಕ್ಕನ ಮಗಳು ಟೆಹ್ರಾನಲ್ಲಿ ಡಾಕ್ಟರ್ ಓದ್ತಿದಾಳೆ. ನೆಟ್ ಬಂದ್ ಮಾಡಿದಾರೆ, ಎರಡು ದಿನದಿಂದ ಮಾತಿಗೆ ಸಿಕ್ಕಿಲ್ಲ' ಅಂದ. ನಾನು 'ಏನೂ ಆಗಲ್ಲ ಬಿಡಪ್ಪ' ಅಂದು ಬಂದ್ಬಿಟ್ಟೆ. ಮನೆಗೆ ಬಂದು ಮತ್ತೆ ಟಿವಿ ಹಾಕಿದೆ ಮೇಡಂ. ಆ ಹುಡುಗಿ ವಾಪಸ್ ಬಂದ್ಲಾ ಇಲ್ವಾ, ಇವತ್ತಿನವರೆಗೂ ಕೇಳಿಲ್ಲ. ಮಾತ್ರೆ ಬೇರೆ ಅಂಗಡೀಲಿ ತಗೋತಿದೀನಿ."

ನಿದ್ದೆ ಯಾಕೆ ಬರುತ್ತಿಲ್ಲ ಅನ್ನುವುದು ಅಲ್ಲಿಗೆ ಗೊತ್ತಾಯಿತು. ಆದರೆ ತಪ್ಪಿತಸ್ಥ ಭಾವದ ಹಿಂದೆ ಹೋಗುವ ಮುಂಚೆ ಆ ಬೇಜಾರು ಏನು ಅಂತ ನನಗೆ ತಿಳಿಯಬೇಕಿತ್ತು. ಅದಕ್ಕೇ ಕೇಳಿದೆ. "24ನೇ ತಾರೀಕು ಪಾರ್ಕಿನಲ್ಲಿ ಏನಾಯ್ತು, ಹೇಳಿ ಸರ್."

ಅವರು ಹೋಗಿ, ಯುದ್ಧ ನಿಂತುಹೋಯಿತು ಅಂದರಂತೆ. ಬೆಂಚಿನವರು "ಹೌದಾ" ಅಂದರು. ಆಮೇಲೆ ಯಾರದೋ ಮಗನ ಮದುವೆ ಛತ್ರದ ಮಾತಿಗೆ ಹೊರಳಿದರು. ಮಾರನೇ ದಿನ ಯಾರೂ ಇವರಿಗಾಗಿ ಕಾಯಲಿಲ್ಲ. ಇದನ್ನು ಹೇಳುತ್ತಾ ಹೇಳುತ್ತಾ ತಾವಾಗಿಯೇ ಕಾರ್ಖಾನೆಗೆ ಹೋದರು. "ನಮ್ಮ ಡಿಪಾರ್ಟ್‌ಮೆಂಟ್ ಹೆಂಗೆ ಅಂದ್ರೆ ಮೇಡಂ, ಎಲ್ಲ ಸರಿಯಾಗಿ ಓಡ್ತಿದ್ರೆ ನಾವು ಯಾರಿಗೂ ನೆನಪಾಗಲ್ಲ. ಬ್ರೇಕ್‌ಡೌನ್ ಆದ್ರೆ ಮ್ಯಾನೇಜರ್ ಕೂಡ ಓಡಿ ಬರೋರು. ರಾತ್ರಿ ಎರಡು ಗಂಟೆಗೆ ಜೀಪ್ ಕಳಿಸೋರು. ನಿಜ ಹೇಳ್ಬೇಕಂದ್ರೆ, ಫೋನ್ ಬಂದ್ರೆ ಖುಷಿಯಾಗೋದು."

"ಅಲ್ಲಿ ಓಡಿಹೋಗಿ ಏನು ಮಾಡ್ತಿದ್ರಿ?"

"ರಿಪೇರಿ."

ಹೇಳಿ ಸುಮ್ಮನಾದರು. ನಾನು ಬಿಡಿಸಿ ಹೇಳಲಿಲ್ಲ, ಹೇಳುವ ಅಗತ್ಯವೂ ಇರಲಿಲ್ಲ. ಸ್ವಲ್ಪ ಹೊತ್ತಾದ ಮೇಲೆ ಅವರೇ, "ಇಲ್ಲಿ ನಾನು ಬ್ರೇಕ್‌ಡೌನ್ ಆಯ್ತು ಅಂತ ಕೂಗಿದೆ ಅಷ್ಟೆ" ಅಂದರು.

ಈ ಪ್ರಕರಣವನ್ನು ಒಬ್ಬ ಸಹೋದ್ಯೋಗಿಯ ಜೊತೆ ಚರ್ಚಿಸಿದಾಗ ಅವರಿಗೆ ನನ್ನ ಧೋರಣೆ ಹಿಡಿಸಲಿಲ್ಲ. ಜನರ ಸಾವನ್ನು ಕ್ರಿಕೆಟ್ ಸ್ಕೋರಿನ ಹಾಗೆ ಹೇಳಿಕೊಂಡು ಓಡಾಡಿದವರಿಗೆ ನಾಲ್ಕು ಕಠಿಣ ಮಾತು ಬೇಡವೇ ಎಂದರು. ನನ್ನ ಉತ್ತರ ಈಗಲೂ ಅದೇ. ಆ ಕಠಿಣ ಮಾತನ್ನು ರಾಯರು ತಮಗೆ ತಾವೇ ಹೇಳಿಕೊಂಡು ಬಂದಿದ್ದರು. ನಾನೂ ಅದನ್ನೇ ಹೇಳಿದ್ದರೆ ಅವರು ಎದ್ದು ಹೋಗುತ್ತಿದ್ದರು. ಹೋಗುತ್ತಿದ್ದದ್ದು ಯಾರಿಗೂ ನಾಚಿಕೆಯಿಲ್ಲದ ಆ ಬೆಂಚಿಗೇ. ನಾಚಿಕೆಯಾಗುವ ಮನುಷ್ಯನನ್ನು ಉಳಿಸಿಕೊಳ್ಳಬೇಕು. ಯುದ್ಧ ನೋಡಿ ಮೈ ಬಿಸಿಯಾಗುವುದು ರಾಕ್ಷಸ ಗುಣ ಅಂತ ನಾನು ಒಪ್ಪುವುದಿಲ್ಲ. ಮುಂದೇನಾಗುತ್ತದೋ ಅನ್ನುವ ಕಾತರಕ್ಕೆ ಯಾರ ಮನಸ್ಸಾದರೂ ಅಂಟಿಕೊಳ್ಳುತ್ತದೆ. ಟಿವಿಯವರು ಆ ಕಾತರವನ್ನೇ ಸಂಗೀತ ಹಾಕಿ ಮಾರುತ್ತಾರೆ. ರಾಯರ ಮಟ್ಟಿಗೆ ಅದರ ಜೊತೆಗೆ ಇನ್ನೊಂದು ಸೇರಿತ್ತು. ಕೆಲಸ ಬಿಟ್ಟ ಮೇಲೆ ಮೊದಲ ಸಲ ಯಾರೋ ಅವರಿಗಾಗಿ ಕಾದಿದ್ದರು.

ಇನ್ನು ಕೊಟ್ಟ ಸಲಹೆ.

ಎಲ್ಲಕ್ಕಿಂತ ಮೊದಲು ಮೆಡಿಕಲ್ ಶಾಪಿಗೆ ಹೋಗಿ ಅಂದೆ. ಕ್ಷಮೆ ಕೇಳಿ ಬರುತ್ತೇನೆ ಎಂದರು. ಬೇಡ ಅಂದೆ. ನಮ್ಮ ಮನಸ್ಸು ಹಗುರ ಮಾಡಿಕೊಳ್ಳಲು ಕ್ಷಮೆ ಕೇಳಿದರೆ, ಆ ಮನುಷ್ಯ ತನ್ನ ಸಂಕಟ ಪಕ್ಕಕ್ಕಿಟ್ಟು ನಮ್ಮನ್ನೇ ಸಮಾಧಾನ ಮಾಡಬೇಕಾಗುತ್ತದೆ. ಮಾತ್ರೆ ತಗೊಳ್ಳಿ, "ಮಗು ಬಂದ್ಲಾಪ್ಪ?" ಅಂತ ಕೇಳಿ, ಆಮೇಲೆ ಅವರು ಹೇಳಿದ್ದನ್ನು ಕೇಳಿಸಿಕೊಳ್ಳಿ. ನಿಮಗೆ ಗೊತ್ತಿರುವ ಒಂದು ಮಾಹಿತಿಯನ್ನೂ ಹೇಳಬೇಡಿ. ಇಷ್ಟೇ ನಾನು ಹೇಳಿದ್ದು.

ರಾಯರು ಹೋದರು. ಹುಡುಗಿ ಕ್ಷೇಮವಾಗಿ ಬಂದಿದ್ದಳು. ಟೆಹ್ರಾನಿನಿಂದ ವಿದ್ಯಾರ್ಥಿಗಳನ್ನು ಬಸ್ಸಿನಲ್ಲಿ ಕೋಮ್ ನಗರಕ್ಕೆ ಕರೆದೊಯ್ದರು. ಅಲ್ಲಿಂದ ಮಶ್ಹದ್, ಮಶ್ಹದ್‌ನಿಂದ ಭಾರತ ಸರ್ಕಾರದ ಆಪರೇಷನ್ ಸಿಂಧು ವಿಮಾನದಲ್ಲಿ ದೆಹಲಿ. ಇದನ್ನು ನನಗೆ ಹೇಳುವಾಗ ರಾಯರ ದನಿ ನಡುಗಿತು. ಕೋಮ್ ಅವರಿಗೆ ಚೆನ್ನಾಗಿ ಗೊತ್ತಿದ್ದ ಹೆಸರು. ಜೂನ್ 22ರಂದು ಅಮೆರಿಕದ ಬಿ-2 ವಿಮಾನಗಳು ಬಾಂಬ್ ಹಾಕಿದ ಫೋರ್ಡೋ ಅಣು ಕೇಂದ್ರ ಇರುವುದು ಕೋಮ್ ಹತ್ತಿರವೇ. ಅವತ್ತು ಬೆಂಚಿನಲ್ಲಿ ಆ ಊರಿನ ಹೆಸರನ್ನು ಎಷ್ಟೋ ಸಲ ಹೇಳಿದ್ದರು. ಕೆಲವೇ ದಿನ ಮುಂಚೆ ಆ ಹುಡುಗಿ ಸುರಕ್ಷಿತ ಜಾಗ ಅಂತ ಅಲ್ಲಿ ಮಲಗಿದ್ದಳು.

ಎರಡನೆಯದು ಸುದ್ದಿ ನೋಡುವ ಕ್ರಮ. ಯುದ್ಧದ ಸುದ್ದಿ ಪೂರ್ತಿ ಬಿಡಿ ಎಂದು ನಾನು ಹೇಳಲಿಲ್ಲ, ಯಾರಿಗೂ ಹೇಳುವುದಿಲ್ಲ. ಲೋಕದಲ್ಲಿ ಏನಾಗುತ್ತಿದೆ ಎಂದು ತಿಳಿಯುವುದು ಒಳ್ಳೆಯದು. ಕತಾರಿನಲ್ಲಿ ತಮ್ಮ, ದುಬೈನಲ್ಲಿ ಮಗ ಇರುವ ಮನೆಗಳಿಗೆ ತಿಳಿಯದೆ ಇರಲೂ ಆಗುವುದಿಲ್ಲ. ಜೂನ್ 23ರ ರಾತ್ರಿ ಕತಾರಿನಲ್ಲಿ ಅಮೆರಿಕದ ಸೇನೆ ಇರುವ ಅಲ್ ಉದೇದ್ ವಾಯುನೆಲೆಯ ಕಡೆ ಇರಾನ್ ಕ್ಷಿಪಣಿ ಹಾರಿಸಿದಾಗ ನಮ್ಮಲ್ಲಿ ಎಷ್ಟು ಮನೆಗಳಲ್ಲಿ ದೀಪ ಆರಲಿಲ್ಲವೋ. ಆದರೆ ಸುದ್ದಿಗೆ ಒಂದು ಕೊನೆ ಬೇಕು. 1971ರ ಯುದ್ಧದಲ್ಲಿ ಅಪ್ಪ ರೇಡಿಯೋ ಕೇಳುತ್ತಿದ್ದುದು ರಾಯರಿಗೆ ನೆನಪಿದೆ. ವಾರ್ತೆ ಮುಗಿಯುತ್ತಿತ್ತು, ಅಪ್ಪ ರೇಡಿಯೋ ಆರಿಸಿ ಊಟಕ್ಕೆ ಏಳುತ್ತಿದ್ದರು. ಅದನ್ನೇ ಹಿಡಿದು ಕ್ರಮ ಹಾಕಿಕೊಂಡೆವು. ಬೆಳಿಗ್ಗೆ ಪತ್ರಿಕೆ, ಸಂಜೆ ಒಂದು ವಾರ್ತೆ. ವಿಡಿಯೋ ಬೇಡ, ಓದಿದರೆ ಸಾಕು. ರಾತ್ರಿ ಫೋನ್ ಹಾಲ್‌ನಲ್ಲಿ ಚಾರ್ಜಿಗೆ.

ವಿಡಿಯೋ ಬೇಡ ಅನ್ನುವುದಕ್ಕೆ ಕಾರಣ ಇದೆ. 2013ರ ಏಪ್ರಿಲ್‌ನಲ್ಲಿ ಅಮೆರಿಕದ ಬಾಸ್ಟನ್ ಮ್ಯಾರಥಾನ್‌ನಲ್ಲಿ ಬಾಂಬ್ ಸಿಡಿಯಿತು. ನಂತರದ ವಾರದಲ್ಲಿ ದಿನಕ್ಕೆ 6 ಗಂಟೆ ಅಥವಾ ಅದಕ್ಕಿಂತ ಜಾಸ್ತಿ ಆ ಸುದ್ದಿಯಲ್ಲೇ ಮುಳುಗಿದವರಲ್ಲಿ, ಸ್ಫೋಟದ ಜಾಗದಲ್ಲಿದ್ದವರಿಗಿಂತಲೂ ಹೆಚ್ಚು ಒತ್ತಡದ ಲಕ್ಷಣಗಳು ಕಂಡವು ಎಂದು ಸಂಶೋಧಕರು 2014ರಲ್ಲಿ ಪ್ರಕಟಿಸಿದರು. ಮನೆಯಲ್ಲಿ ಕೂತು ನೋಡಿದರೆ ಏನಾಗುತ್ತದೆ ಅನ್ನುವವರಿಗೆ ಇದನ್ನು ಹೇಳುತ್ತೇನೆ. ಇನ್ನೊಂದು ಕಾರಣವೂ ಇದೆ. ಬರುವ ವಿಡಿಯೋ ನಿಜವೋ ಅಲ್ಲವೋ ಗೊತ್ತಾಗುವುದಿಲ್ಲ. ಉಕ್ರೇನ್ ಯುದ್ಧದ ಕಾಲದಿಂದಲೂ ಆರ್ಮಾ 3 ಅನ್ನುವ ಕಂಪ್ಯೂಟರ್ ಆಟದ ತುಣುಕುಗಳು ನಿಜವಾದ ದಾಳಿಯ ದೃಶ್ಯ ಅಂತ ಹರಿದಾಡಿವೆ. ಎಲ್ಲಿಯದು, ಯಾವತ್ತಿನದು ಅಂತ ಹೇಳಲಾಗದ ವಿಡಿಯೋವನ್ನು ಫಾರ್ವರ್ಡ್ ಮಾಡುವುದಿಲ್ಲ ಎಂದು ರಾಯರು ಒಪ್ಪಿಕೊಂಡರು.

ಮೂರನೆಯದನ್ನು ಒಪ್ಪಿಸುವುದು ಕಷ್ಟವಾಯಿತು. ಟಿವಿಯವರು ಆ ಸುದ್ದಿ ಬಿಟ್ಟುಬಿಟ್ಟ ಮೇಲೆ ಆ ಊರುಗಳಲ್ಲಿ ಏನಾಗುತ್ತಿದೆ ಎಂದು ಓದಿ ಅಂದೆ. ಬಿದ್ದ ಮನೆ ಯಾರು ಕಟ್ಟುತ್ತಿದ್ದಾರೆ, ಆಸ್ಪತ್ರೆ ನಡೆಯುತ್ತಿದೆಯಾ, ಶಾಲೆ ಶುರುವಾಯಿತಾ. "ಅದ್ರಲ್ಲಿ ಏನಿರುತ್ತೆ ಮೇಡಂ?" ಎಂದು ಕೇಳಿದರು. ರಿಪೇರಿ ಇರುತ್ತೆ ಸರ್ ಅಂದೆ.

ಜೊತೆಗೆ ಕೈಗೆ ಕೆಲಸ ಹುಡುಕಿಕೊಳ್ಳಲು ಹೇಳಿದೆ. ಹತ್ತಿರದ ಸರ್ಕಾರಿ ಶಾಲೆಯೊಂದರಲ್ಲಿ ನೀರಿನ ಮೋಟಾರ್ ಕೆಟ್ಟಿತ್ತು, ಅದನ್ನು ನೋಡಿಕೊಟ್ಟರು. ಈಗ ಅಲ್ಲಿಂದ ಆಗಾಗ ಫೋನ್ ಬರುತ್ತದೆ. "ಆದ್ರೆ ಆ ಹನ್ನೆರಡು ದಿನದ ಥರ ಇಲ್ಲ ಮೇಡಂ" ಎಂದು ಮೊನ್ನೆಯೂ ಹೇಳಿದರು. ಆ ಥರ ಇರುವುದಿಲ್ಲ ಎಂದು ನಾನೂ ಒಪ್ಪಿದೆ. ನಿದ್ದೆ ಸುಧಾರಿಸಿದೆ. ಮಾತು ಬಿಟ್ಟ ಸ್ನೇಹಿತರ ಜೊತೆ ಇನ್ನೂ ಸರಿಹೋಗಿಲ್ಲ. ಪಾರ್ಕಿನಲ್ಲಿ "ಕರ್ನಲ್" ಅಂದರೆ ಈಗ ಅವರಿಗೆ ಇಷ್ಟವಾಗುವುದಿಲ್ಲ.

ಇಂಥವರ ಮನೆಯವರಿಗೆ ಒಂದು ಮಾತು. "ನಿಮಗ್ಯಾಕೆ ಆ ಊರಿನ ಉಸಾಬರಿ" ಎಂದು ರಿಮೋಟ್ ಕಿತ್ತುಕೊಳ್ಳಬೇಡಿ. ಕಿತ್ತುಕೊಂಡರೆ ಅವರು ಫೋನ್ ಹಿಡಿದು ಬಾಲ್ಕನಿಗೆ ಹೋಗುತ್ತಾರೆ ಅಷ್ಟೆ. ಇವತ್ತು ಏನು ನೋಡಿದಿರಿ, ನೋಡಿ ಏನನ್ನಿಸಿತು ಎಂದು ಪಕ್ಕದಲ್ಲಿ ಕೂತು ಕೇಳಿ. ರಾಯರು ಆ ಒಂದು ವಾಕ್ಯವನ್ನು ಹೆಂಡತಿಗೆ ಹೇಳಲಾಗದೆ ತಿಂಗಳುಗಟ್ಟಲೆ ಒಳಗೇ ಇಟ್ಟುಕೊಂಡಿದ್ದರು. ವಾರಗಟ್ಟಲೆ ನಿದ್ದೆ ಇಲ್ಲ, ಊಟ ಸೇರುತ್ತಿಲ್ಲ, ಎದೆ ಹೊಡೆದುಕೊಳ್ಳುತ್ತದೆ ಅನ್ನುವ ಹಾಗಿದ್ದರೆ ಆಪ್ತಸಲಹೆ ಮಾತ್ರ ಸಾಲದು, ಮನೋವೈದ್ಯರನ್ನು ಕಾಣಬೇಕು. ಎಲ್ಲಿಗೆ ಹೋಗುವುದು ತಿಳಿಯದಿದ್ದರೆ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416 ಇದೆ. ಹಗಲು ರಾತ್ರಿ ಯಾವಾಗ ಬೇಕಾದರೂ ಮಾಡಬಹುದು, ದುಡ್ಡು ಕೊಡಬೇಕಿಲ್ಲ, ಕನ್ನಡದಲ್ಲೇ ಮಾತಾಡುತ್ತಾರೆ.