ಎನ್‌ಎಫ್‌ಎಸ್ (ನೆಟ್‌ವರ್ಕ್ ಮೂಲಕ ಫೈಲ್ ಹಂಚುವ ವ್ಯವಸ್ಥೆ) ಸರ್ವರ್ ಟೆಸ್ಟ್‌ಗಳು ಒಂದು ದಿನ ಪಾಸ್, ಒಂದು ದಿನ ಫೇಲ್. ಸ್ಲೀಪ್ (ನಡುವೆ ಕಾಯುವ ಸಮಯ) ಜಾಸ್ತಿ ಮಾಡಲಾ, ರೀಟ್ರೈ (ಫೇಲ್ ಆದರೆ ಮತ್ತೆ ಓಡಿಸುವುದು) ಹಾಕಲಾ ಅಂತ ಕೇಳಿದ್ದೀರಿ.

ಎರಡೂ ಬೇಡ. ಟೆಸ್ಟ್ ಹಸಿರಾಗುತ್ತದೆ, ತಪ್ಪು ಒಳಗೇ ಉಳಿಯುತ್ತದೆ.

ನೀವು ಒಂದು ಮಷಿನ್‌ನಲ್ಲಿ ಫೈಲ್ ಬರೆದು, 5 ಸೆಕೆಂಡ್ ಕಾದು, ಇನ್ನೊಂದರಲ್ಲಿ ಓದುತ್ತಿದ್ದೀರಿ. ಆಗಾಗ ಹಳೆಯದೇ ಸಿಗುತ್ತದೆ ಅಂದಿರಿ. ಇದರಲ್ಲಿ ಸರ್ವರ್‌ನ ತಪ್ಪು ಇರಲೇಬೇಕು ಅಂತಿಲ್ಲ. ಲಿನಕ್ಸ್ ಕ್ಲೈಂಟ್ (ಸರ್ವರ್‌ನ ಫೈಲ್ ಬಳಸುವ ಮಷಿನ್) ಫೈಲಿನ ಸೈಜ್, ಟೈಮ್ ಇವನ್ನೆಲ್ಲ 3ರಿಂದ 60 ಸೆಕೆಂಡ್ ತನ್ನ ಕ್ಯಾಶ್‌ನಲ್ಲಿ (ಮತ್ತೆ ಮತ್ತೆ ಸರ್ವರನ್ನು ಕೇಳದಿರಲು ಇಟ್ಟುಕೊಳ್ಳುವ ನಕಲು) ಇಟ್ಟುಕೊಳ್ಳುತ್ತದೆ. ಡೈರೆಕ್ಟರಿಗಾದರೆ 30ರಿಂದ 60. ನಿಮ್ಮ 5 ಸೆಕೆಂಡ್ ಸರಿಯಾಗಿ ಇದರ ನಡುವೆ ಬೀಳುತ್ತದೆ, ಅಲ್ವಾ?

ಎನ್‌ಎಫ್‌ಎಸ್ ಕೊಡುವ ಭರವಸೆ ಸಮಯದ್ದಲ್ಲ. ಬರೆದವರು ಫೈಲ್ ಕ್ಲೋಸ್ ಮಾಡಿದ ಮೇಲೆ ಇನ್ನೊಬ್ಬರು ಓಪನ್ ಮಾಡಿದರೆ ಹೊಸದು ಕಾಣಬೇಕು, ಅಷ್ಟೇ. ಟೆಸ್ಟ್ ಅದನ್ನೇ ಪರೀಕ್ಷಿಸಲಿ. ಕ್ಲೋಸ್ ಮುಗಿದ ಸುದ್ದಿ ಎಸ್‌ಎಸ್‌ಎಚ್ (ಇನ್ನೊಂದು ಮಷಿನ್‌ಗೆ ನೇರವಾಗಿ ಆದೇಶ ಕೊಡುವ ದಾರಿ) ಮೂಲಕ ಹೋಗಲಿ. ಅದೇ ಶೇರ್‌ನಲ್ಲಿ ಗುರುತಿಗೆ ಅಂತ ಇನ್ನೊಂದು ಫೈಲ್ ಇಟ್ಟರೆ ಅದೂ ಕ್ಯಾಶ್‌ನಲ್ಲಿ ಸಿಕ್ಕಿಕೊಳ್ಳುತ್ತದೆ.

ನಾನು ಬಳ್ಳಾರಿಯ ಜೀನ್ಸ್ ಘಟಕವೊಂದರ ಫೈಲ್ ಸರ್ವರ್ ನೋಡಿಕೊಳ್ಳುತ್ತೇನೆ. ಡಿಸೈನ್ ರೂಮಿನಲ್ಲಿ ಪ್ಯಾಟರ್ನ್ ತಿದ್ದಿ ಸೇವ್ ಮಾಡುತ್ತಾರೆ, ಆಮೇಲೆ ಕಟಿಂಗ್ ಮಾಸ್ಟರ್ ಅದನ್ನು ತೆರೆಯುತ್ತಾರೆ. ಅವರಿಗೆ ಹಳೇ ಅಳತೆ ಕಂಡರೆ ಹಾಸಿದ ಡೆನಿಮ್ ಅಷ್ಟೂ ಹಾಳು. ಅದಕ್ಕೇ ಇದೊಂದು ಟೆಸ್ಟ್ ನನಗೆ ಉಳಿದೆಲ್ಲಕ್ಕಿಂತ ಮುಖ್ಯ. ಕ್ಯಾಶ್ ಕಾಟ ತಪ್ಪಲಿ ಅಂತ ಎಲ್ಲಾ ಕಡೆ ‘ನೋಎಸಿ’ (ಆ ಕ್ಯಾಶ್ ಬೇಡ ಅನ್ನುವ ಆಪ್ಷನ್) ಹಾಕಿ ಮೌಂಟ್ ಮಾಡುವವರಿದ್ದಾರೆ, ಅಂದರೆ ಶೇರನ್ನು ತಮ್ಮ ಮಷಿನ್‌ಗೆ ಜೋಡಿಸುವವರಿದ್ದಾರೆ. ಬಳಸುವವರು ಹಾಗೆ ಮೌಂಟ್ ಮಾಡದಿದ್ದರೆ ಆ ಟೆಸ್ಟ್ ಅವರ ಅನುಭವವನ್ನು ಹೇಳುವುದಿಲ್ಲ. ಬರೀ ಸರ್ವರನ್ನೇ ಪರೀಕ್ಷಿಸಬೇಕಾದರೆ ಪೈಎನ್‌ಎಫ್‌ಎಸ್ ಅನ್ನುವ ಟೆಸ್ಟ್ ಸಾಧನ ಬಳಸಿ. ಅದು ಕರ್ನಲ್ (ಲಿನಕ್ಸ್‌ನ ತಿರುಳು) ಒಳಗಿನ ಕ್ಲೈಂಟನ್ನು ಬಿಟ್ಟು ಸರ್ವರ್ ಜೊತೆ ನೇರವಾಗಿ ಮಾತಾಡುತ್ತದೆ.

ರೀಸ್ಟಾರ್ಟ್ ಟೆಸ್ಟ್ ವಿಷಯಕ್ಕೆ ಬರೋಣ. ನಮ್ಮಲ್ಲಿ ಬೇಸಿಗೆಯಲ್ಲಿ ಕರೆಂಟ್ ಹೋಗಿ ಬರುವುದು ಮಾಮೂಲು, ಇದನ್ನು ಬಿಡುವ ಹಾಗೇ ಇಲ್ಲ. ಎನ್‌ಎಫ್‌ಎಸ್ ವರ್ಷನ್ 4ರ ಸರ್ವರ್ ಎದ್ದ ತಕ್ಷಣ ಹಳೇ ಕ್ಲೈಂಟ್‌ಗಳು ತಮ್ಮ ಲಾಕ್ (ಒಂದು ಫೈಲನ್ನು ಬೇರೆಯವರು ತಿದ್ದದಂತೆ ಹಿಡಿದಿಡುವುದು) ವಾಪಸ್ ಪಡೆಯಲಿ ಅಂತ ಕಾಯುತ್ತದೆ. ಲಿನಕ್ಸ್‌ನಲ್ಲಿ ಈ ಗ್ರೇಸ್ ಅವಧಿ ಮಾಮೂಲಾಗಿ 90 ಸೆಕೆಂಡ್‌ವರೆಗೂ ಇರಬಹುದು. ಅಲ್ಲಿಯವರೆಗೆ ಹೊಸ ಲಾಕ್ ಸಿಗುವುದಿಲ್ಲ. ಕ್ಲೈಂಟ್ ಎರರ್ ತೋರಿಸದೆ ಸುಮ್ನೆ ಮತ್ತೆ ಮತ್ತೆ ಕೇಳುತ್ತಿರುತ್ತದೆ, ನಿಮಗೆ ಹ್ಯಾಂಗ್ ಆದ ಹಾಗೆ ಕಾಣುತ್ತದೆ. ಟೆಸ್ಟ್ ವಿಎಂನ (ವರ್ಚುವಲ್ ಮಷಿನ್) ಎನ್‌ಎಫ್‌ಎಸ್ ಕಾನ್ಫ್ ಅನ್ನುವ ಸೆಟ್ಟಿಂಗ್ ಫೈಲಿನಲ್ಲಿ ಗ್ರೇಸ್ ಟೈಮ್, ಲೀಸ್ ಟೈಮ್ (ಕ್ಲೈಂಟ್ ಸುಮ್ಮನಿದ್ದರೂ ಅದರ ಲಾಕ್ ಉಳಿಯುವ ಅವಧಿ) ಎರಡನ್ನೂ 15ಕ್ಕೆ ಇಳಿಸಿ. ಆಮೇಲೆ ಎರಡು ಟೆಸ್ಟ್ ಬರೆಯಿರಿ. ಹಳೇ ಕ್ಲೈಂಟ್‌ಗೆ ಅದರ ಲಾಕ್ ವಾಪಸ್ ಸಿಗಬೇಕು. ಅದೇ ಹೊತ್ತಿಗೆ ಬಂದ ಹೊಸ ಕ್ಲೈಂಟ್‌ಗೆ ಆ ಲಾಕ್ ಸಿಗಬಾರದು. ಎರಡನೆಯದು ತಪ್ಪಿದರೆ ಇಬ್ಬರು ಒಂದೇ ಫೈಲ್ ತಿದ್ದುತ್ತಿರುತ್ತಾರೆ, ಯಾರಿಗೂ ಗೊತ್ತಾಗುವುದಿಲ್ಲ.

ಪರ್ಮಿಷನ್ ಟೆಸ್ಟ್‌ಗಳನ್ನು ರೂಟ್ (ಎಲ್ಲಾ ಅಧಿಕಾರ ಇರುವ ಬಳಕೆದಾರ) ಆಗಿ ಓಡಿಸಬೇಡಿ. ಸರ್ವರ್‌ನಲ್ಲಿ ರೂಟ್ ಸ್ಕ್ವಾಷ್ ಅನ್ನುವ ಸೆಟ್ಟಿಂಗ್ ಇದ್ದರೆ ರೂಟ್ ಅಲ್ಲಿ ‘ನೋಬಡಿ’ ಅನ್ನುವ, ವಿಶೇಷ ಅಧಿಕಾರ ಇಲ್ಲದ ಬಳಕೆದಾರ ಆಗಿಬಿಡುತ್ತದೆ.

ಟೆಸ್ಟ್ ಮುಗಿದ ಮೇಲಿನ ಕ್ಲೀನಪ್‌ನಲ್ಲಿ ‘ಡೈರೆಕ್ಟರಿ ನಾಟ್ ಎಂಪ್ಟಿ’ ಬಂದು, ಎಲ್‌ಎಸ್ (ಫೈಲ್ ಪಟ್ಟಿ ತೋರಿಸುವ ಕಮಾಂಡ್) ಮಾಡಿದರೆ ಒಳಗೆ ಏನೂ ಕಾಣದಿದ್ದರೆ, ಅಡಗಿದ ಫೈಲ್‌ಗಳನ್ನೂ ತೋರಿಸುವ ಹಾಗೆ ನೋಡಿ. ಚುಕ್ಕಿ ಎನ್‌ಎಫ್‌ಎಸ್ ಅಂತ ಶುರುವಾಗುವ ಉದ್ದ ಹೆಸರಿನ ಫೈಲ್ ಇರುತ್ತದೆ. ತೆರೆದಿರುವ ಫೈಲನ್ನು ಅಳಿಸಿದರೆ ಕ್ಲೈಂಟ್ ಅದಕ್ಕೆ ಹೀಗೆ ಹೆಸರು ಬದಲಿಸಿ ಇಟ್ಟುಕೊಳ್ಳುತ್ತದೆ. ನಿಮ್ಮ ಯಾವುದೋ ಟೆಸ್ಟ್ ಫೈಲ್ ಕ್ಲೋಸ್ ಮಾಡುತ್ತಿಲ್ಲ ಅಂತ ಅರ್ಥ. ಅದನ್ನು ಹುಡುಕಿ.

ಇಷ್ಟಾದ ಮೇಲೂ ಫೇಲ್ ಆದರೆ, ಎನ್‌ಎಫ್‌ಎಸ್ ಬಳಸುವ 2049 ಪೋರ್ಟಿನ ಟಿಸಿಪಿಡಂಪ್ (ನೆಟ್‌ವರ್ಕ್‌ನಲ್ಲಿ ಹಾದುಹೋದದ್ದರ ದಾಖಲೆ) ತೆಗೆದು ಮೌಂಟ್ ಆಪ್ಷನ್ ಜೊತೆ ಇಲ್ಲಿ ಹಾಕಿ, ನೋಡೋಣ.