ಪ್ರತಿಕ್ರಿಯೆ: ಜೂನ್‌ನಲ್ಲಿ ಮಾಲ್ಡೀವ್ಸ್ ಹನಿಮೂನ್

ಮೇ ಕೊನೆಗೆ ಮದುವೆ, ಜೂನ್‌ನಲ್ಲಿ ದಾವಣಗೆರೆಯಿಂದ ಮಾಲ್ಡೀವ್ಸ್‌ಗೆ ಹೊರಟಿದ್ದೀವಿ, ರಾಜಧಾನಿ ಮಾಲೆಯಿಂದ ಸೀಪ್ಲೇನ್‌ನಲ್ಲಿ (ನೀರಿನ ಮೇಲೆ ಇಳಿಯೋ ಪುಟ್ಟ ವಿಮಾನ) ಹೋಗೋ ರೆಸಾರ್ಟಾ, ಸ್ಪೀಡ್ ಬೋಟ್‌ನಲ್ಲಿ ಹೋಗೋ ರೆಸಾರ್ಟಾ ಅಂತ ಕೇಳಿದ್ದೀರಿ. ನನ್ನ ಓಟು ಸ್ಪೀಡ್ ಬೋಟ್‌ಗೆ. ಸೀಪ್ಲೇನ್ ಹಗಲು ಮಾತ್ರ ಹಾರುತ್ತದೆ. ಬೆಂಗಳೂರಿನ ವಿಮಾನ ಸಂಜೆ ಮಾಲೆ ತಲುಪಿತು ಅಂದರೆ ಆ ರಾತ್ರಿ ಅಲ್ಲೇ ರೂಮ್ ಮಾಡಿ ಮಲಗಬೇಕು, ಆ ಖರ್ಚು ಬೇರೆ. ಮೇಲಿಂದ ದ್ವೀಪಗಳನ್ನು ನೋಡೋದು ಚೆಂದ, ಇಲ್ಲ ಅನ್ನಲ್ಲ.

ಜೂನ್ ಅಲ್ಲಿ ಮಳೆಗಾಲ. ಅದಕ್ಕೇ ರೇಟು ಇಳಿದಿರುತ್ತದೆ. ದಿನವಿಡೀ ಸುರಿಯುತ್ತದೆ ಅಂತೇನಿಲ್ಲ, ಆದರೆ ಸಮುದ್ರ ಒರಟಾಗಿರಬಹುದು, ಬೋಟಲ್ಲಿ ವಾಂತಿ ಆಗುವವರು ಮಾತ್ರೆ ಇಟ್ಟುಕೊಳ್ಳಿ.

ಊಟದ ವಿಷಯದಲ್ಲಿ ಮಾತ್ರ ಕಂಜೂಸ್ ಮಾಡಬೇಡಿ. ಸಾಮಾನ್ಯವಾಗಿ ಒಂದು ದ್ವೀಪಕ್ಕೆ ಒಂದೇ ರೆಸಾರ್ಟ್, ಹಸಿವಾಯಿತು ಅಂತ ಎದುರು ರಸ್ತೆಯಲ್ಲಿ ಬೆಣ್ಣೆ ದೋಸೆ ಸಿಗೋದಿಲ್ಲ ಅಲ್ವಾ! ಮೂರು ಹೊತ್ತಿನ ಊಟ ಸೇರಿದ ಪ್ಯಾಕೇಜೇ ತಗೊಳ್ಳಿ. ಸಸ್ಯಾಹಾರಿಗಳಾದರೆ ಮೊದಲೇ ಮೇಲ್ ಮಾಡಿ ಹೇಳಿ. ಬೋಟ್ ಚಾರ್ಜು, ಟ್ಯಾಕ್ಸು ಎಲ್ಲಾ ಸೇರಿ ಎಷ್ಟು ಅಂತ ಬರಹದಲ್ಲೇ ಕೇಳಿ, ಏಜೆಂಟರು ಇದನ್ನು ಸುಮ್ನೆ ಬಿಟ್ಟುಬಿಡುತ್ತಾರೆ.

ವೀಸಾ ಇಳಿದ ಮೇಲೆ ಪುಕ್ಕಟೆ ಸಿಗುತ್ತದೆ. ಹೊರಡುವ ಮುಂಚಿನ 96 ಗಂಟೆಯೊಳಗೆ ಇಮುಗಾ ಅನ್ನೋ ಆನ್‌ಲೈನ್ ಫಾರ್ಮ್ ತುಂಬಬೇಕು. ಡ್ಯೂಟಿ ಫ್ರೀಯಲ್ಲಿ ಮದ್ಯದ ಬಾಟಲ್ ಕೊಳ್ಳಬೇಡಿ, ಮಾಲೆಯಲ್ಲಿ ಒಳಗೆ ಬಿಡೋದಿಲ್ಲ.