ಬಿಪಿ ಮಾತ್ರೆ ನುಂಗಿದರೆ ಕೆಮ್ಮು ಯಾಕೆ ಬರುತ್ತೆ?

ಪ್ರಶ್ನೆ: ಡಾಕ್ಟರೇ, ನನಗೆ 54 ವರ್ಷ. ನಾಲ್ಕು ತಿಂಗಳ ಹಿಂದೆ ಬಿಪಿಗೆ ಅಂತ ರಾಮಿಪ್ರಿಲ್ ಮಾತ್ರೆ ಬರೆದುಕೊಟ್ಟರು. ಬಿಪಿ ಹತೋಟಿಗೆ ಬಂತು. ಆದರೆ ಮೂರು ವಾರ ಕಳೆದ ಮೇಲೆ ಒಣಕೆಮ್ಮು ಶುರುವಾಯಿತು. ಕಫ ಇಲ್ಲ, ಜ್ವರ ಇಲ್ಲ. ರಾತ್ರಿ ಮಲಗಿದರೆ ಗಂಟಲಲ್ಲಿ ಯಾರೋ ಗರಿ ಆಡಿಸಿದ ಹಾಗಾಗಿ ಎದ್ದು ಕೂರುತ್ತೇನೆ. ಎಕ್ಸ್‌ರೇಯಲ್ಲಿ ಏನೂ ಇಲ್ಲ. ಮೂರು ಬಾಟಲಿ ಸಿರಪ್ಪು ಕುಡಿದೆ, ಶುಂಠಿ-ಮೆಣಸಿನ ಕಷಾಯವೂ ಆಯ್ತು. 'ಮಾತ್ರೆ ಹೀಟು, ಬಿಟ್ಟುಬಿಡು' ಅಂತಾರೆ ನಮ್ಮ ಅತ್ತಿಗೆ. ಬಿಪಿ ಮಾತ್ರೆಗೆ ಗಂಟಲಲ್ಲಿ ಏನು ಕೆಲಸ? (ಹೆಸರು ಬೇಡ, ದಾವಣಗೆರೆ)

ಉತ್ತರ: ನಿಮ್ಮ ಕೆಮ್ಮಿಗೆ ಬಹುಶಃ ಆ ಮಾತ್ರೆಯೇ ಕಾರಣ. ನಿಮ್ಮ ಅತ್ತಿಗೆಯವರ ಅನುಮಾನದಲ್ಲಿ ಅರ್ಧ ಸರಿ ಇದೆ. ಆದರೆ ಇದು ಹೀಟಿನ ವಿಷಯ ಅಲ್ಲ. ನೀವಾಗಿಯೇ ಮಾತ್ರೆ ಬಿಡುವುದೂ ಬೇಡ.

ನುಂಗಿದ ಮಾತ್ರೆಗೆ ಇಂಥ ಕಡೆಗೇ ಹೋಗಬೇಕು ಅಂತ ಗೊತ್ತಿರುವುದಿಲ್ಲ. ಹೊಟ್ಟೆಯಲ್ಲಿ ಕರಗಿ, ರಕ್ತಕ್ಕೆ ಸೇರಿ, ರಕ್ತ ಹೋದ ಕಡೆಗೆಲ್ಲ ಹೋಗುತ್ತದೆ. ತನಗೆ ಹೊಂದುವ ವಸ್ತು ಎಲ್ಲಿ ಸಿಕ್ಕರೂ ಅಂಟಿಕೊಳ್ಳುತ್ತದೆ. ರಾಮಿಪ್ರಿಲ್ ಹಿಡಿಯುವುದು ನಮ್ಮ ದೇಹದ ಒಂದು ಕಿಣ್ವವನ್ನು. ಅದರ ಹೆಸರು ಎಸಿಇ. ಅದನ್ನು ಒಂದು ಪುಟ್ಟ ಕತ್ತರಿ ಅಂದುಕೊಳ್ಳಿ. ಶ್ವಾಸಕೋಶದ ರಕ್ತನಾಳಗಳ ಒಳಮೈ ಮೇಲೆ ಈ ಕತ್ತರಿ ತುಂಬಾ ಇರುತ್ತದೆ.

ರಕ್ತದಲ್ಲಿ ಆಂಜಿಯೋಟೆನ್ಸಿನ್ ಅಂತ ಹತ್ತು ಮಣಿಯ (ಅಂದರೆ ಹತ್ತು ಅಮೈನೊ ಆಮ್ಲಗಳ) ಒಂದು ಸರ ಓಡಾಡುತ್ತಿರುತ್ತದೆ. ಹಾಗೇ ಬಿಟ್ಟರೆ ಅದು ಸಾಧು. ಕತ್ತರಿ ಅದರ ತುದಿಯ ಎರಡು ಮಣಿ ತೆಗೆದು ಎಂಟು ಮಣಿ ಉಳಿಸಿತೋ, ಆ ಎಂಟು ಮಣಿಯ ಸರ ರಕ್ತನಾಳವನ್ನು ಬಿಗಿ ಹಿಡಿಯುತ್ತದೆ, ಬಿಪಿ ಏರುತ್ತದೆ. ನಿಮ್ಮ ಮಾತ್ರೆ ಕತ್ತರಿಯ ಬಾಯಿಗೆ ಸಿಕ್ಕಿಕೊಂಡು ಕೂರುತ್ತದೆ. ಎಂಟು ಮಣಿಯ ಸರ ತಯಾರಾಗುವುದು ಕಮ್ಮಿಯಾಗುತ್ತದೆ, ನಾಳ ಸಡಿಲವಾಗುತ್ತದೆ.

ತೊಂದರೆ ಏನೆಂದರೆ, ಆ ಕತ್ತರಿಗೆ ಇನ್ನೊಂದು ಕೆಲಸವೂ ಇದೆ. ಬ್ರಾಡಿಕೈನಿನ್ ಅನ್ನುವ ಒಂಬತ್ತು ಮಣಿಯ ಇನ್ನೊಂದು ಸರವನ್ನು ಕತ್ತರಿಸಿ ಸುಮ್ಮನಾಗಿಸುವುದೂ ಅದೇ. ಕತ್ತರಿ ನಿಂತರೆ ಬ್ರಾಡಿಕೈನಿನ್ ಉಸಿರಿನ ದಾರಿಯಲ್ಲಿ ಜಾಸ್ತಿಯಾಗುತ್ತದೆ, ಅಲ್ಲಿನ ನರದ ತುದಿಗಳನ್ನು ಕೆಣಕುತ್ತದೆ. ನೀವು ಹೇಳಿದ ಆ ಗರಿ ಇದೇ. ಅಂದರೆ ಮಾತ್ರೆ ದಾರಿ ತಪ್ಪಿ ಗಂಟಲಿಗೆ ಹೋಗಿಲ್ಲ. ಬಿಪಿ ಇಳಿಸಲು ಯಾವ ಕೆಲಸ ಮಾಡಿತೋ, ಅದೇ ಕೆಲಸದಿಂದ ಕೆಮ್ಮೂ ಬಂತು. ಬ್ರಾಡಿಕೈನಿನ್ ರಕ್ತನಾಳವನ್ನು ಸಡಿಲಿಸುವುದರಲ್ಲೂ ಕೈ ಜೋಡಿಸುತ್ತದೆ. ಸಿರಪ್ಪು, ಕಷಾಯ ಯಾಕೆ ನಾಟಲಿಲ್ಲ ಅಂತ ಈಗ ಗೊತ್ತಾಯ್ತಲ್ವಾ? ಅವು ಆ ಕತ್ತರಿಯ ತಂಟೆಗೇ ಹೋಗುವುದಿಲ್ಲ.

ಈ ಔಷಧಿಯ ಹುಟ್ಟಿನ ಕಥೆ ನನಗೆ ಬಹಳ ಇಷ್ಟ. ಬ್ರೆಜಿಲಿನಲ್ಲಿ ಜರರಾಕ ಅನ್ನುವ, ನಮ್ಮ ಮಂಡಲದ ಹಾವಿನ ದೂರದ ನೆಂಟ ಅನ್ನಬಹುದಾದ ಹಾವಿದೆ. 1949ರಲ್ಲಿ ಅಲ್ಲಿನ ವಿಜ್ಞಾನಿ ರೋಚಾ ಇ ಸಿಲ್ವಾ ಮತ್ತು ಅವರ ಜೊತೆಯವರು ಆ ಹಾವಿನ ವಿಷವನ್ನು ರಕ್ತದ ಜೊತೆ ಸೇರಿಸಿ ನೋಡುವಾಗಲೇ ಬ್ರಾಡಿಕೈನಿನ್ ಸಿಕ್ಕಿದ್ದು. ಆಮೇಲೆ ಸೆರ್ಜಿಯೋ ಫೆರೇರಾ ಅದೇ ವಿಷದಲ್ಲಿ ಬ್ರಾಡಿಕೈನಿನ್ನಿನ ಜೋರು ಹೆಚ್ಚಿಸುವ ಅಂಶವನ್ನು ಕಂಡುಹಿಡಿದರು. ಆ ಸುಳಿವು ಹಿಡಿದು ಅಮೆರಿಕದಲ್ಲಿ ಕುಶ್ಮನ್ ಮತ್ತು ಒಂಡೆಟ್ಟಿ ಇದೇ ಕತ್ತರಿಯನ್ನು ತಡೆಯುವ ಕ್ಯಾಪ್ಟೊಪ್ರಿಲ್ ಅನ್ನುವ ಬಿಪಿ ಮಾತ್ರೆ ಮಾಡಿದರು. 1981ರಲ್ಲಿ ಅಲ್ಲಿ ಅದಕ್ಕೆ ಒಪ್ಪಿಗೆ ಸಿಕ್ಕಿತು. ನಿಮ್ಮ ರಾಮಿಪ್ರಿಲ್ ಅದರ ತಂಗಿ. ಬ್ರಾಡಿಕೈನಿನ್ ಉಳಿಸುವ ಗುಣ ಈ ಮನೆತನಕ್ಕೆ ಹಾವಿನಿಂದಲೇ ಬಂದದ್ದು.

ಎಲ್ಲ ಅಡ್ಡ ಪರಿಣಾಮಗಳೂ ಹೀಗೇ ಬರುವುದಿಲ್ಲ. ನೆಗಡಿಗೆ ಕೊಡುವ ಹಳೇ ಕ್ಲೋರ್‌ಫೆನಿರಮೈನ್ ಮೂಗು ಸೋರಿಸುವ ಹಿಸ್ಟಮಿನ್ ಅನ್ನುವ ವಸ್ತುವಿನ ಕೆಲಸ ತಡೆಯಬೇಕು. ಆದರೆ ಅದು ಬೇಡದ ಕಡೆ, ಮಿದುಳಿಗೂ ನುಗ್ಗಿ, ಅಲ್ಲಿ ನಮ್ಮನ್ನು ಎಚ್ಚರವಾಗಿಡುವ ಹಿಸ್ಟಮಿನ್ ಕೆಲಸವನ್ನೂ ತಡೆಯುತ್ತದೆ, ಅದಕ್ಕೇ ತೂಕಡಿಕೆ.

ಈಗ ನೀವು ಮಾಡಬೇಕಾದದ್ದು. ಮಾತ್ರೆ ಬರೆದ ಡಾಕ್ಟರ ಹತ್ತಿರ ಸ್ಟ್ರಿಪ್ ಹಿಡಿದುಕೊಂಡೇ ಹೋಗಿ, ಕೆಮ್ಮು ಯಾವಾಗ ಶುರುವಾಯಿತು ಅಂತ ಹೇಳಿ. 'ಪ್ರಿಲ್' ಅಂತ ಮುಗಿಯುವ ಮಾತ್ರೆ ತೆಗೆದುಕೊಳ್ಳುವ ನೂರು ಜನರಲ್ಲಿ ಸುಮಾರು ಹತ್ತು ಜನಕ್ಕೆ ಈ ಕೆಮ್ಮು ಬರುತ್ತದೆ, ಹೆಂಗಸರಿಗೆ ಜಾಸ್ತಿ. ಒಂದು ಪ್ರಿಲ್ ಬದಲು ಇನ್ನೊಂದು ಪ್ರಿಲ್ ಕೊಟ್ಟರೆ ಸಾಮಾನ್ಯವಾಗಿ ಪ್ರಯೋಜನ ಇಲ್ಲ. ಲೋಸಾರ್ಟಾನ್, ಟೆಲ್ಮಿಸಾರ್ಟಾನ್ ಥರದ್ದು ಆಗಬಹುದಾ ಅಂತ ಕೇಳಿ. ಇವು ಕತ್ತರಿಯನ್ನು ಮುಟ್ಟುವುದಿಲ್ಲ. ಎಂಟು ಮಣಿಯ ಸರ ಬಂದು ಕೂರುವ ಜಾಗವನ್ನು ಮೊದಲೇ ಹಿಡಿದುಬಿಡುತ್ತವೆ. ಹಾಗಾಗಿ ಬ್ರಾಡಿಕೈನಿನ್ ಎಂದಿನಂತೆ ಕತ್ತರಿಸಿ ಹೋಗುತ್ತದೆ. ಬದಲಿ ಕೈಗೆ ಬರುವ ಮುಂಚೆ ಸುಮ್ನೆ ನಿಲ್ಲಿಸಿದರೆ ಬಿಪಿ ಮತ್ತೆ ಏರುತ್ತದೆ, ಅದು ಕೆಮ್ಮಿನ ಹಾಗೆ ಸದ್ದು ಮಾಡುವುದಿಲ್ಲ.

ಒಂದು ವಿಷಯಕ್ಕೆ ಮಾತ್ರ ಕಾಯಬೇಡಿ. ತುಟಿ, ನಾಲಿಗೆ ಅಥವಾ ಮುಖ ಊದಿಕೊಂಡರೆ, ಉಸಿರು ಕಟ್ಟಿದ ಹಾಗಾದರೆ ಮಾತ್ರೆ ನಿಲ್ಲಿಸಿ ತಕ್ಷಣ ಆಸ್ಪತ್ರೆಗೆ ಹೋಗಿ. ಇದು ಅಪರೂಪ, ಆದರೆ ಜೀವಕ್ಕೆ ಅಪಾಯ. ಕೆಮ್ಮಿನ ಜೊತೆ ಜ್ವರ, ರಕ್ತ, ತೂಕ ಇಳಿಯುವುದು ಕಂಡರೆ ಮಾತ್ರೆಯ ಮೇಲೆ ಹಾಕದೆ ಟಿಬಿ ಪರೀಕ್ಷೆ ಮಾಡಿಸಿ.

ಮಾತ್ರೆ ಬದಲಾದ ಮಾರನೇ ದಿನವೇ ಕೆಮ್ಮು ನಿಲ್ಲುವುದಿಲ್ಲ. ಸಾಮಾನ್ಯವಾಗಿ ಒಂದರಿಂದ ನಾಲ್ಕು ವಾರ, ಕೆಲವರಿಗೆ ಮೂರು ತಿಂಗಳೂ ಹಿಡಿಯುತ್ತದೆ. ಕಮ್ಮಿಯಾದ ಮೇಲೆ 'ರಾಮಿಪ್ರಿಲ್‌ನಿಂದ ಕೆಮ್ಮು' ಅಂತ ನಿಮ್ಮ ಫೈಲಿನ ಮೇಲೆ ಬರೆಸಿಡಿ. ಮುಂದೆ ಬೇರೆ ಡಾಕ್ಟರು ನೋಡಿದಾಗ ಮತ್ತೊಂದು ಪ್ರಿಲ್ ಬರೆಯುವುದು ತಪ್ಪುತ್ತದೆ.